ಸಿಂಕ್ ಕುಡಿದ ನಾರು

"ನಾರಿಗೆ ಯಾರಾದರೂ ದುಡ್ಡು ಸುರೀತಾರಾ? ನಾನು ಸುರಿಯೋಳಲ್ಲ!" ಎಂದು ಆ ಶನಿವಾರ ಅಡುಗೆಮನೆಯಲ್ಲಿ ಸೊಂಟಕ್ಕೆ ಕೈಯಿಟ್ಟು ಘೋಷಿಸಿದೆ. ಕೇಳಲು ಇದ್ದವಳು ಮಗಳೊಬ್ಬಳೇ. ಅವಳೂ ಕಕ್ಕಸಿನೊಳಗಿದ್ದಳು.

ತೊಂದರೆ ಇದ್ದದ್ದೇ ಅಲ್ಲಿ. ಮಗಳು ತೂಕ ಇಳಿಸೋಕೆ ಕೀಟೊ ಪಥ್ಯ ಹಿಡಿದಿದ್ದಳು. ಅನ್ನ ಇಲ್ಲ, ಬ್ರೆಡ್ ಇಲ್ಲ, ಬಾಳೆಹಣ್ಣು ಕಣ್ಣಿಗೂ ಬೀಳಬಾರದು. ಮೊಟ್ಟೆ, ಬೆಣ್ಣೆ, ಮತ್ತೆ ಮೊಟ್ಟೆ. ತೂಕ ಇಳಿಯಿತೋ ಇಲ್ಲವೋ, ಹೊಟ್ಟೆ ಮಾತ್ರ ಬೀಗ ಹಾಕಿಕೊಂಡಿತು. ಒಳಗೆ ಹೋದವಳು ಹೊರಗೆ ಬರುತ್ತಿರಲಿಲ್ಲ. ಕನ್ನಡಕದಂಗಡಿಯ ಕೆಲಸಕ್ಕೆ ದಿನಾ ತಡ.

"ನಾರಿನಂಶ ಬೇಕಂತೆ ಅಮ್ಮಾ. ಡಬ್ಬದಲ್ಲಿ ಪುಡಿ ಸಿಗುತ್ತೆ. ಬೆಲೆ ಕೇಳಿದ್ರೆ ಎದೆ ಒಡೆಯುತ್ತೆ!"

"ನಾನಿಲ್ವೇನೇ?" ಎಂದೆ.

ನಾನು ಓದಿದವಳಲ್ಲ. ಆದರೆ ನಾರು ಯಾವುದರಲ್ಲಿದೆ ಎಂದು ಹಲ್ಲಿಗೆ ಗೊತ್ತು! ದಿನಸಿ ಅಂಗಡಿಯ ಮೂಟೆಯಿಂದ ಇಸಬಗೋಲಿನ ಹೊಟ್ಟು ಬಿಡಿಯಾಗಿ ತಂದೆ, ಡಬ್ಬಕ್ಕಿಂತ ಎಷ್ಟೋ ಅಗ್ಗ. ಅಗಸೆ ಬೀಜ ಹುರಿದು ಪುಡಿ ಮಾಡಿದೆ. ತರಕಾರಿಯವಳು ಬಿಸಾಡುವ ಹೂಕೋಸಿನ ಎಲೆ, ದಂಟು ಪುಕ್ಕಟೆ ಸಿಕ್ಕಿತು.

"ಹಸುಗೆ ತಾನೇ ಅಕ್ಕಾ?" ಎಂದಳು.

"ಹೂಂ, ಮನೇಲಿ ಒಂದು ಕಟ್ಟಿದೀನಿ."

ಎಲ್ಲ ರುಬ್ಬಿ ದೊಡ್ಡ ಪಾತ್ರೆಯಲ್ಲಿ ಕಲಸಿದೆ. ಸಂಜೆ ಮಗಳು ಮೂಗು ಹಿಡಿದು ಒಂದು ಲೋಟ ಕುಡಿದಳು, ಮೇಲೆ ಚೊಂಬುಗಟ್ಟಲೆ ನೀರು. ಉಳಿದದ್ದನ್ನು ಮುಚ್ಚಿಟ್ಟೆ.

ಬೆಳಿಗ್ಗೆ ನೋಡಿದರೆ ಪಾತ್ರೆ ಮುಚ್ಚಳ ಎತ್ತಿಕೊಂಡು ನನ್ನನ್ನೇ ನೋಡುತ್ತಿದೆ! ಹಸಿರು ಲೋಳೆ. ಸೌಟು ನೆಟ್ಟರೆ ಸಿಪಾಯಿಯ ಹಾಗೆ ನಿಂತಿತು. ಇದನ್ನು ಯಾರು ಕುಡಿಯುತ್ತಾರೆ ಎಂದು ಸಿಂಕಿಗೆ ಸುರಿದೆ. ಸಿಂಕ್ ಒಂದು ಗುಟುಕು ನುಂಗಿತು. ಆಮೇಲೆ ಬಾಯಿ ಮುಚ್ಚಿತು. ನಾನು ಸೌಟಿನಿಂದ ತುರುಕಿದೆ. ನಲ್ಲಿ ಬಿಟ್ಟೆ. ನೀರು ಕೆಳಗಿಳಿಯುವ ಬದಲು ಮೇಲೆ ಬಂತು!

ಅದೇ ಹೊತ್ತಿಗೆ ಕಕ್ಕಸಿನಿಂದ ಕೂಗು. "ಅಮ್ಮಾ! ಆಯ್ತು! ನೀನು ದೇವತೆ ಕಣಮ್ಮಾ!"

ದೇವತೆ ಆಗ ಹಸಿರು ನೀರಿನಲ್ಲಿ ನಿಂತಿದ್ದಳು.

ಮಗಳು ಬಂದು ನೋಡಿದಳು. "ಪ್ಲಂಬರ್ ಕರೀತೀನಿ."

"ಬೇಡ!"

ನಮ್ಮನೆಯವರೇ ಪ್ಲಂಬರ್. ಅವರು ಹೋಗಿ ವರ್ಷ ತುಂಬಿಲ್ಲ. ಈ ಮನೆಯ ಪೈಪೆಲ್ಲ ಅವರ ಕೈಯಲ್ಲಿ ಕೂತದ್ದು, ಬೇರೆಯವರ ಕೈ ಸೋಕಿಲ್ಲ. ಸೋಕುವುದು ನನಗೆ ಬೇಕಾಗಿಯೂ ಇರಲಿಲ್ಲ. ಅವರ ಚೀಲ ಬಾಗಿಲ ಹಿಂದೆ ನೇತಾಡುತ್ತದೆ. ಧೂಳು ಒರೆಸುತ್ತೇನೆ. ತೆರೆದಿಲ್ಲ.

ಇನ್ನೊಂದು, ನನ್ನ ಮಾನದ ಪ್ರಶ್ನೆ! ಬೀದಿಯಲ್ಲಿ ಎಲ್ಲರ ಸಿಂಕೂ ಕಟ್ಟಿಕೊಳ್ಳುತ್ತಿತ್ತು. ನಮ್ಮದು ಒಮ್ಮೆಯೂ ಇಲ್ಲ. "ಹೆಂಗಸು ಚೊಕ್ಕವಾಗಿದ್ರೆ ಸಿಂಕ್ ಯಾಕೆ ಕಟ್ಟುತ್ತೆ?" ಎಂದು ಮನೆ ಮನೆಗೆ ಬುದ್ಧಿ ಹೇಳಿ ಬಂದಿದ್ದೆ. ಇವರು ಕೇಳಿ ತಲೆಯಾಡಿಸುತ್ತಿದ್ದರು. "ನಿನ್ನ ಕೈಗುಣ ಕಣೇ." ಒಳ್ಳೆಯ ಗಂಡಸು. ಭಾನುವಾರ ಬಂದರೆ, "ನೀನು ಮೊದಲು ಸ್ನಾನ ಮಾಡು. ನಿಧಾನವಾಗಿ ಮಾಡು, ಅವಸರ ಇಲ್ಲ" ಎನ್ನುವರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ನಾನು ಎರಡು ಹಂಡೆ ಸುರಿದುಕೊಳ್ಳುತ್ತಿದ್ದೆ.

ಮಗಳು ನನ್ನ ಮಾತು ಕೇಳಲಿಲ್ಲ. ಅವರಪ್ಪನ ಜೊತೆ ಕೆಲಸ ಮಾಡುತ್ತಿದ್ದವರನ್ನೇ ಕರೆಸಿದಳು. "ಹೊರಗಿನವರಲ್ಲಮ್ಮಾ, ಚಿಕ್ಕಪ್ಪ."

ಅವರು ಸಿಂಕಿನ ಕೆಳಗೆ ತಲೆ ತೂರಿಸಿದರು. "ಈ ಪೈಪಿನ ನಟ್ಟಿಗೆ ನನ್ನ ಪಾನಾ ಹಿಡೀತಿಲ್ಲ ಅತ್ತಿಗೆ. ಅಣ್ಣನ ಚೀಲ ಕೊಡಿ."

ನಾನು ಅಲ್ಲಾಡಲಿಲ್ಲ. ನೀರು ಹೊಸ್ತಿಲು ದಾಟಿತು. ಕೊಟ್ಟೆ.

ಚೀಲ ತೆರೆದರು. ತುಕ್ಕು, ಸೋಪು, ನಮ್ಮನೆಯವರು. ಅದೇ ವಾಸನೆ. ಮೇಲೆಯೇ ಒಂದು ಕೆಂಪು ಹಲ್ಲುಜ್ಜುವ ಬ್ರಷ್.

"ಅಯ್ಯೋ, ಇದು ನಂದು! ಎಷ್ಟು ಹುಡುಕಿದೀನಿ!"

"ಇದು ನಿಮ್ಮ ಸಿಂಕಿನ ಬ್ರಷ್ಷು ಅತ್ತಿಗೆ."

"ನಮ್ಮ ಸಿಂಕ್ ಯಾವತ್ತೂ ಕಟ್ಟಿಲ್ಲ!"

ಅವರು ಸಿಂಕಿನ ಕೆಳಗಿನಿಂದಲೇ ನಕ್ಕರು. "ವಾರ ವಾರ ಬಿಚ್ಚಿ ತೊಳೆದ್ರೆ ಹೇಗೆ ಕಟ್ಟುತ್ತೆ? ನೀವು ಸ್ನಾನಕ್ಕೆ ಹೋದಾಗ ಅಣ್ಣ ಮಾಡ್ತಿದ್ರು. ಎಣ್ಣೆ ಜಿಡ್ಡು, ಸಿಪ್ಪೆ, ಒಂದ್ಸಲ ಇಡೀ ಚಮಚ! ಅತ್ತಿಗೆಗೆ ಹೇಳಬಾರದೇನಣ್ಣ ಅಂದ್ರೆ, 'ಬೀದಿಯಲ್ಲೆಲ್ಲ ಹೇಳ್ಕೊಂಡು ಖುಷಿಯಾಗಿದಾಳೆ ಕಣೋ, ಯಾಕೆ ಕೆಡಿಸ್ಲಿ' ಅಂತಿದ್ರು."

ನಾನು ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಮುಖ ಒರೆಸಿಕೊಂಡೆ. ಅದು ನೆಲದ ಬಟ್ಟೆ. ಮುಖವೂ ಹಸಿರಾಯಿತು.

ಮುಂದಿನ ಭಾನುವಾರ ಮಗಳು ಟವೆಲ್ ತಂದು ಕೈಗಿಟ್ಟಳು. "ನೀನು ಮೊದಲು ಸ್ನಾನ ಮಾಡಮ್ಮಾ. ನಿಧಾನವಾಗಿ ಮಾಡು, ಅವಸರ ಇಲ್ಲ."

ಹೋದೆ. ಅಡುಗೆಮನೆಯಲ್ಲಿ ಪಾನಾ ಬಿದ್ದ ಸದ್ದು. "ಥೂ, ಇನ್ನೂ ಹಸಿರು!" ಎಂಬ ಗೊಣಗು. ನಾನು ಬೇಕೆಂದೇ ಜೋರಾಗಿ ನೀರು ಸುರಿದುಕೊಂಡೆ.

ಹೊರಗೆ ಬಂದು ಕೇಳಿದೆ, "ಏನೇ ಅದು ಸದ್ದು?"

ಮಗಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ಎಲ್ಲಿ? ಏನಿಲ್ಲ. ನಮ್ಮ ಸಿಂಕ್ ಯಾವತ್ತಾದ್ರೂ ಕಟ್ಟುತ್ತಾ? ನಿನ್ನ ಕೈಗುಣ ಕಣಮ್ಮಾ!"