ಸಲಹೆಗಾರರು ಮನೆಗೆ ಹೋಗೋಣ ಎಂದರು

ಥಂಡರ್ ಬೇ ನಗರದ ಸರೋವರ ತೀರ ಗೃಹವಿಮಾ ಕಂಪನಿಯು ತನ್ನ ನೌಕರರ ಕುಟುಂಬ ಜೀವನವನ್ನು ಗೌರವಿಸುತ್ತದೆ. ಕುಟುಂಬಕ್ಕೆ ಬಿಡುವೇ ಸಿಗುತ್ತಿಲ್ಲ ಎನ್ನುವ ನೌಕರರ ಮೇಲೆ ಶಿಸ್ತುಕ್ರಮ ಜರುಗಿಸುತ್ತದೆ.

ಪುಟ್ಟ ಮಕ್ಕಳ ತಂದೆತಾಯಂದಿರು ದಣಿದಿದ್ದಾರೆಂಬ ಸಂಗತಿ ಆಡಳಿತವರ್ಗದ ಗಮನಕ್ಕೆ ಬಂದ ಕೂಡಲೇ ಸಮತೋಲನ ವಿಭಾಗವೊಂದನ್ನು ತೆರೆಯಲಾಯಿತು. ಅದರ ಖರ್ಚನ್ನು ತೂಗಿಸಲು ಪರಿಹಾರ ವಿಭಾಗದಿಂದ ಇಬ್ಬರನ್ನು ತೆಗೆದು, ಅವರ ಫೋನುಗಳನ್ನು ಕೈಸಾ ಲೆಹ್ತೊಳ ಮೇಜಿಗೆ ವರ್ಗಾಯಿಸಲಾಯಿತು. ಕೈಸಾ ಮೂರು ವರ್ಷದ ಆರ್ವೊನ ತಾಯಿ. ಗಂಡ ಗೂಡ್ಸ್ ರೈಲಿನ ಚಾಲಕ, ಊರಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಚಳಿಗೆ ಪೈಪು ಒಡೆದು, ನೆಲಮಾಳಿಗೆಯಲ್ಲಿ ನೀರು ನಿಂತವರ ಗೋಳನ್ನು ಕೇಳಿಸಿಕೊಂಡು ಪರಿಹಾರ ಕೊಡಿಸುವುದು ಅಥವಾ ಕೊಡಿಸದಿರುವುದು ಅವಳ ಕೆಲಸ. ಒಂದೇ ಬಾರಿಗೆ ಮೂರು ಫೋನು ಎತ್ತುವ ಅವಳ ಚಾಕಚಕ್ಯತೆಯನ್ನು ಕಂಡು, ಸಮತೋಲನವೆಂದರೆ ಇದೇ ಎಂದು ಹೊಸ ವಿಭಾಗವು ಮೆಚ್ಚುಗೆ ಸೂಚಿಸಿತು.

ಆಮೇಲೆ ಪ್ರಕಟಣೆ ಬಂತು. "ಪುಟ್ಟ ಮಕ್ಕಳಿರುವ ಎಲ್ಲ ನೌಕರರೂ ಮಂಗಳವಾರ ಮತ್ತು ಗುರುವಾರ ಸಂಜೆ ಐದರಿಂದ ಏಳರವರೆಗೆ ಸಮತೋಲನ ತರಬೇತಿಗೆ ಕಡ್ಡಾಯವಾಗಿ ಹಾಜರಾಗತಕ್ಕದ್ದು. ಕಚೇರಿ ವೇಳೆಯಲ್ಲಿ ನಡೆಸಿದರೆ ಕೆಲಸ ಕೆಡುವುದರಿಂದಲೂ, ರಾತ್ರಿ ನಡೆಸಿದರೆ ಸಂಸಾರ ಕೆಡುವುದರಿಂದಲೂ, ಎರಡರ ನಡುವಿನ ಹೊತ್ತನ್ನು ಆರಿಸಲಾಗಿದೆ."

ಕೈಸಾ ಸಮತೋಲನ ನಿರ್ದೇಶಕ ಪ್ರೆಸ್ಕಾಟ್ ಹ್ಯೂಮ್‌ನ ಕೋಣೆಗೆ ಹೋದಳು. ಮೆತ್ತನೆಯ ಮನುಷ್ಯ. ಮನೆಯಲ್ಲಿ ಅವಳಿ ಹೆಣ್ಣುಮಕ್ಕಳಿದ್ದರು. ಬೆಳಿಗ್ಗೆ ಅವರು ಏಳುವ ಮುಂಚೆ ಬಂದು, ಮಲಗಿದ ಮೇಲೆ ಹೋಗುತ್ತಿದ್ದ.

"ಐದೂವರೆಗೆ ಡೇಕೇರ್ ಮುಚ್ತಾರೆ, ಪ್ರೆಸ್ಕಾಟ್."

"ಸಂತೋಷ. ಅವ್ರು ಸಮತೋಲನ ಕಾಪಾಡ್ಕೊಂಡಿದಾರೆ."

"ಹಾಗಲ್ಲ, ನಾನು ಹೋಗಿ ಮಗೂನ ಕರ್ಕೊಂಡು ಬರಬೇಕಲ್ಲ? ತರಬೇತಿಗೆ ಬರೋಕಾಗಲ್ಲ."

"ಇದನ್ನ ಮಾಡಿರೋದೇ ನಿಮ್ಮಂಥೋರಿಗೆ, ಕೈಸಾ."

"ನನ್ನಂಥೋಳಿಗೇ ಬರೋಕಾಗ್ತಿಲ್ವಲ್ಲ!"

"ನೋಡಿ, ಅಂದ್ರೆ ನಿಮಗದು ಎಷ್ಟು ಅಗತ್ಯ ಇದೆ!" ಎಂದು ಪ್ರೆಸ್ಕಾಟ್ ನಿಜವಾದ ಕಳಕಳಿಯಿಂದ ಹೇಳಿದ.

ತರಬೇತಿಗೆ ಹೋಗದ ಕಾರಣ ಕೈಸಾಳನ್ನು ಎರಡನೇ ದರ್ಜೆಯ ಅಸಮತೋಲಿತೆ ಎಂದು ಘೋಷಿಸಲಾಯಿತು. ಇನ್ನೊಮ್ಮೆ ತಪ್ಪಿಸಿದರೆ ಕೆಲಸಕ್ಕೇ ಕುತ್ತು. ಆದರೆ ಕಂಪನಿಯು ಕೈಬಿಡುವಂಥದ್ದಲ್ಲ. ಮನಸ್ಸು ಭಾರವಾದವರಿಗೆಂದು ಸಾಂತ್ವನ ದೂರವಾಣಿಯೂ ಇತ್ತು. ಒಂದು ಬೆಳಿಗ್ಗೆ, ಕಂಪನಿಯ ಮುಂದೆ ಕಾರು ನಿಲ್ಲಿಸಿ, ಇಳಿಯಲಾರದೆ, ಕೈಸಾ ಆ ನಂಬರು ಒತ್ತಿದಳು.

"ಸಾಂತ್ವನ ವಿಭಾಗ, ಹೇಳಿ."

ಅದು ಪಕ್ಕದ ಮೇಜಿನ ಬರ್ನಿಸ್‌ಳ ದನಿ. ಅಳುವವರ ಮಾತು ಕೇಳಿ ಅಭ್ಯಾಸವಿರುವವರು ಎಂಬ ಕಾರಣಕ್ಕೆ ಸಾಂತ್ವನವನ್ನೂ ಪರಿಹಾರ ವಿಭಾಗಕ್ಕೇ ವಹಿಸಲಾಗಿತ್ತು.

"ಬರ್ನಿಸ್?"

"ಕೈಸಾ! ಎಲ್ಲಿದೀಯೇ? ನಿನ್ನ ಮೂರೂ ಫೋನು ಬಾಯಿ ಬಡ್ಕೋತಾ ಇವೆ."

"ಕೆಳಗೆ ಕಾರಲ್ಲಿ. ಇವತ್ತು ಆರ್ವೊ ಡೇಕೇರ್‌ನೋಳ್ನ ಅಮ್ಮಾ ಅಂದ ಕಣೇ. ನಂಗೆ ಟಾಟಾ ಕೈಸಾ ಅಂದ."

 ಫೋನು ಮಾಡಿದವರಿಗೆಲ್ಲ ಪರಿಹಾರ ವಿಭಾಗದ ನಿಯಮದ ಪ್ರಕಾರ ಕೇಳಲೇಬೇಕಾದ ಪ್ರಶ್ನೆಯನ್ನು ಬರ್ನಿಸ್ ಕೇಳಿದಳು. "ಸೋರಿಕೆ ಮೊದಲು ಯಾವಾಗ ಗಮನಕ್ಕೆ ಬಂತು?"

ಕೈಸಾಗೆ ನಗು ಬಂತು. ನಗುನಗುತ್ತಲೇ ಬಿಕ್ಕಿಬಿಕ್ಕಿ ಅತ್ತಳು.

"ಅತ್ತುಬಿಡು ಪೂರ್ತಿ. ಆಮೇಲೆ ಮುಖ ಒರೆಸ್ಕೊಂಡು ಬಾ. ಗುಲಾಬಿ ಕ್ರೀಮಿನ ಬನ್ನು ತಂದಿಟ್ಟಿದೀನಿ, ಇಲ್ಲಿ ಬೇರೆಯೋರ ಕಣ್ಣು ಬಿದ್ದಿದೆ ಅದರ ಮೇಲೆ."

ಆ ಗುರುವಾರ ಕೈಸಾ ಐದಕ್ಕೆ ಓಡಿಹೋಗಿ, ಆರ್ವೊನನ್ನು ಕಂಕುಳಲ್ಲಿ ಎತ್ತಿಕೊಂಡು ತರಬೇತಿಗೆ ವಾಪಸು ಬಂದಳು. ಬಾಗಿಲ ಕಾವಲುಗಾರ ತಡೆದ. ಪಾಸ್ ಇಲ್ಲದವರಿಗೆ ಪ್ರವೇಶವಿಲ್ಲ. ಪಾಸ್ ಕೊಡುವ ಯಂತ್ರದಲ್ಲಿ ಇರುವುದೋ ಮೂರೇ ಬಗೆ.

"ಇವ್ನು ಪೈಪ್ ರಿಪೇರಿಯೋನಾ?"

"ಅಲ್ಲ, ಒಡೆಯೋನು."

"ಊಟ ತಂದಿದಾನಾ?"

"ಹಸಿವು ತಂದಿದಾನೆ ಅಷ್ಟೇ."

"ಹಾಗಾದ್ರೆ ಉಳಿದಿದ್ದೊಂದೇ," ಎಂದ ಕಾವಲುಗಾರ, 'ಹೊರಗಿನ ಸಲಹೆಗಾರರು' ಎಂಬ ಪಾಸನ್ನು ಆರ್ವೊನ ಕೋಟಿಗೆ ಸಿಕ್ಕಿಸಿದ.

ಒಳಗೆ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. "ನಿಮ್ಮ ಮಗು ಈಗ ನಿಮ್ಮ ಮಡಿಲಲ್ಲಿದೆ ಎಂದು ಭಾವಿಸಿ," ಎನ್ನುತ್ತಿದ್ದ ಪ್ರೆಸ್ಕಾಟ್. ಕೈಸಾಗೆ ಭಾವಿಸುವ ಕಷ್ಟವಿರಲಿಲ್ಲ. ಮಡಿಲಲ್ಲಿದ್ದವನು ಹಿಮದ ಬೂಟಿನಿಂದ ಮೊಣಕಾಲಿಗೆ ಒದೆಯುತ್ತಿದ್ದ. ಒದ್ದೂ ಒದ್ದೂ ಸಾಕಾಗಿ ಕೊನೆಗೆ ಕೂಗಿದ. "ಮನೆಗೆ ಹೋಗೋಣ!"

ಹಿಂದಿನ ಸಾಲಿನಲ್ಲಿದ್ದ ಜನರಲ್ ಮ್ಯಾನೇಜರ್ ಮೇಡಂ ಕಣ್ಣು ತೆರೆದು, ಎದ್ದು ಬಂದು, ಬಗ್ಗಿ ಪಾಸನ್ನು ಓದಿದರು.

"ಸಲಹೆಗಾರರು ಏನಂದ್ರು?"

"ಮನೆಗೆ ಹೋಗೋಣ ಅಂದ್ರು," ಎಂದ ಪ್ರೆಸ್ಕಾಟ್, ಅಳುಕುತ್ತ.

"ಇಷ್ಟು ಸ್ಪಷ್ಟವಾಗಿ ಇದುವರೆಗೆ ಯಾವ ಸಲಹೆಗಾರರೂ ಹೇಳಿರ್ಲಿಲ್ಲ."

"ಮೇಡಂ, ನಾನು ಇದನ್ನೇ ತಾನೇ ಇಷ್ಟು ದಿನದಿಂದ ಬಡ್ಕೋತಾ ಇರೋದು?" ಎಂದಳು ಕೈಸಾ.

"ನೀವು ನೌಕರರು, ಕೈಸಾ. ನೀವು ಹೇಳಿದ್ರೆ ಅದು ದೂರು. ಅವ್ರು ಹೇಳಿದ್ರೆ ಶಿಫಾರಸು."

ಶಿಫಾರಸು ತಕ್ಷಣ ಜಾರಿಗೆ ಬಂತು. ಎಲ್ಲರೂ ಮನೆಗೆ ಹೋದರು. ಮರುದಿನ ಪ್ರೆಸ್ಕಾಟ್ ಮೇಜಿಂದ ಮೇಜಿಗೆ ಹೋಗಿ ಹೇಳಿದ್ದೇ ಹೇಳಿದ. "ನಮ್ಮ ಹುಡುಗೀರು ಇಬ್ರೂ ಮಾತಾಡ್ತಾರೆ ಕಣ್ರೀ! ಒಬ್ಳಂತೂ ನನ್ನ ನೋಡಿ, ಇದ್ಯಾರು ಅಂತ ಕೇಳಿದ್ಲು!"

ಆರ್ವೊನನ್ನು ಕಾಯಂ ಸಲಹೆಗಾರನನ್ನಾಗಿ ನೇಮಿಸಲಾಯಿತು. ದಿನವೂ ಸಂಜೆ ಬಂದು ಶಿಫಾರಸು ಮಾಡಿ, ಒಂದು ಬಿಸ್ಕತ್ತು ಸ್ವೀಕರಿಸುವುದು ಅವನ ಕರ್ತವ್ಯ. ಮಗುವನ್ನು ಕರೆತರಲು ತಾಯಿಗೆ ಬಿಡುವು ಕೊಡುವ ನಿಯಮ ಕಂಪನಿಯಲ್ಲಿ ಇರಲಿಲ್ಲ. ಸಲಹೆಗಾರರನ್ನು ಕರೆತರಲು ಚಾಲಕರನ್ನು ಒದಗಿಸುವ ನಿಯಮ ಇತ್ತು. ಕೈಸಾ ಚಾಲಕಿಯಾದಳು. ಕಾರಿನಲ್ಲಿ ಹಿಂದೆ ಕೂತ ಸಲಹೆಗಾರರು ದಾರಿಯುದ್ದಕ್ಕೂ ಕಂಡ ಹಿಮ ತೆಗೆಯುವ ಲಾರಿಗಳ ಬಗ್ಗೆ ಮಾತಾಡುತ್ತಿದ್ದರು, ಚಾಲಕಿ ಹೂಂಗುಟ್ಟುತ್ತಿದ್ದಳು. ಒಂದು ಸಂಜೆ ಅವರು ಅವಳನ್ನು ಅಮ್ಮಾ ಎಂದು ಕರೆದರು. ಕೈಸಾ ರಸ್ತೆ ಬದಿಗೆ ಕಾರು ನಿಲ್ಲಿಸಬೇಕಾಯಿತು.

ಇದರೊಡನೆ ಸಣ್ಣದೊಂದು ನಿಯಮವೂ ಬಂತು. ಸಲಹೆಗಾರರ ಶಿಫಾರಸಿಲ್ಲದೆ ಯಾರೂ ಮನೆಗೆ ಹೋಗತಕ್ಕದ್ದಲ್ಲ. ದಿನವೂ ಶಿಫಾರಸು ಸಿಗುತ್ತಿದ್ದುದರಿಂದ ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಆರ್ವೊಗೆ ಜ್ವರ ಬಂತು. ಕೈಸಾ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಟಾಣಿ ಸೂಪು ಕುಡಿಸುತ್ತಿದ್ದಾಗ ಫೋನು ಬಂತು. ಆ ಕಡೆ ಇಡೀ ಕಚೇರಿಯೇ ಸ್ಪೀಕರಿನ ಸುತ್ತ ಸೇರಿತ್ತು.

"ಒಂದೇ ಒಂದ್ಸಲ ಹೇಳಿಸಿ, ಕೈಸಾ," ಎಂದ ಪ್ರೆಸ್ಕಾಟ್. "ಮಕ್ಕಳು ಊಟಕ್ಕೆ ಕಾಯ್ತಿದಾರೆ."

"ಪುಟ್ಟಾ, ಎಲ್ರೂ ಕಾಯ್ತಿದಾರೆ. ಮನೆಗೆ ಹೋಗೋಣ ಅನ್ನು."

ಆರ್ವೊ ಕೋಣೆಯ ಸುತ್ತ ಕಣ್ಣಾಡಿಸಿದ. "ಯಾಕೆ? ಮನೇಲೇ ಇದೀವಲ್ಲ," ಎಂದ.

"ಅಯ್ಯೋ, ಹಾಗಲ್ಲ—" ಎಂದಳು ಕೈಸಾ. ಆದರೆ ಅವಳು ನೌಕರಳು. ಆ ಕಡೆ ಮೇಡಂ ಕಿವಿಗೊಟ್ಟಿದ್ದು ಸಲಹೆಗಾರರ ದನಿಗಷ್ಟೇ.

"ಏನಂದ್ರು?"

"ನಾವು ಮನೇಲೇ ಇದೀವಿ ಅಂದ್ರು," ಎಂದ ಪ್ರೆಸ್ಕಾಟ್, ಸಣ್ಣ ದನಿಯಲ್ಲಿ.

 ಮೇಡಂ, "ಎಷ್ಟು ಆಳವಾದ ಮಾತು!" ಎಂದದ್ದು ಕೇಳಿಸಿತು. ಫೋನು ಕಡಿದುಹೋಯಿತು.

ಜ್ವರ ಬಿಟ್ಟ ಮೇಲೆ, ಗಂಡನ ಬಳಿ ಮಗುವನ್ನು ಬಿಟ್ಟು ಕೈಸಾ ಕೆಲಸಕ್ಕೆ ಹೋದಳು. ಬಾಗಿಲ ಮೇಲೆ ಪ್ರಕಟಣೆ ಅಂಟಿಸಿತ್ತು. "ನೌಕರರು ಈಗಾಗಲೇ ಮನೆಯಲ್ಲಿರುವುದರಿಂದ ಮನೆಗೆ ಹೋಗುವ ಪ್ರಶ್ನೆ ಉದ್ಭವಿಸುವುದಿಲ್ಲ. ಮನೆಯಿಂದ ಹೊರಗೆ ವಾಸಿಸುತ್ತಿರುವ ಪತಿ, ಪತ್ನಿ, ಮಕ್ಕಳು ಭಾನುವಾರ ಮಧ್ಯಾಹ್ನ ಭೇಟಿಗೆ ಬರಬಹುದು." ಪ್ರಕಟಣೆಯ ಕೆಳಗೆ ಚಾಪೆಯೊಂದು ಹಾಸಿತ್ತು. ಅದರ ಮೇಲೆ, ಕರಗಿದ ಹಿಮದ ನೀರಿನಲ್ಲಿ, ಇಡೀ ಕಚೇರಿಯ ಬೂಟುಗಳು ಸಾಲಾಗಿ ಕೂತಿದ್ದವು. ಒಳಗೆ ಪ್ರೆಸ್ಕಾಟ್ ಬರೀ ಕಾಲುಚೀಲದಲ್ಲಿ ಸದ್ದಿಲ್ಲದೆ ಓಡಾಡುತ್ತಿದ್ದ.

"ಅಲ್ಲೇ ನಿಂತ್ಯಲ್ಲೇ?" ಎಂದಳು ಬರ್ನಿಸ್, ಕಿವಿಗೆ ಫೋನು ಸಿಕ್ಕಿಸಿಕೊಂಡೇ. "ಮನೆ ಒಳಗೆ ಬೂಟು ಹಾಕ್ಕೊಂಡು ಬರ್ಬೇಡ ಮಾರಾಯ್ತಿ, ಈಗ ತಾನೇ ಒರೆಸಿದಾರೆ."

ಕೈಸಾ ಬಗ್ಗಿ ಬೂಟು ಬಿಚ್ಚಿದಳು.