ಸೀಡಿಗೆ ಹಚ್ಚಿದ ಕುಂಕುಮ

ಸೀಡಿಯ ಹಾಡೆಲ್ಲ ಇರುವುದು ಹೆಸರು ಬರೆದ ಮಗ್ಗುಲಲ್ಲಿ, ಹಿಂದಿನ ಹೊಳಪು ಬರೇ ಚೆಂದಕ್ಕೆ ಎಂದು ಗವಿಸಿದ್ದೇಶ ಗಟ್ಟಿಯಾಗಿ ನಂಬಿದ್ದ. ನಂಬಿಕೆಗೆ ಆಧಾರವೂ ಇತ್ತು! ಕ್ಯಾಸೆಟ್ಟಿನಲ್ಲಿ ಯಾವ ಮಗ್ಗುಲಿಗೆ ಹೆಸರು ಅಂಟಿಸಿರುತ್ತಾರೋ ಆ ಮಗ್ಗುಲೇ ತಾನೆ ಹಾಡುವುದು? ಅದಕ್ಕೇ ಹೆಸರಿನ ಮುಖವನ್ನು ಎಳೆಗೂಸಿನ ಮುಖದಂತೆ ಜೋಪಾನ ಮಾಡುತ್ತಿದ್ದ. ಹೊಳೆಯುವ ಮಗ್ಗುಲಲ್ಲಿ ಮುಖ ನೋಡಿಕೊಂಡು ದಿನಾ ಕ್ರಾಪು ತೀಡುತ್ತಿದ್ದ.

ಕೊಪ್ಪಳದ ಗೊಬ್ಬರದಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಈ ಮಹಾಶಯ, ಕಂತಿನ ಮೇಲೆ ಮನೆಗೊಂದು ಕಂಪ್ಯೂಟರ್ ತಂದಾಗಿನಿಂದ ನೆಲದಿಂದ ಗೇಣು ಮೇಲೇ ನಡೆಯುತ್ತಿದ್ದ.

"ಇನ್ನ ಅಂಗಡ್ಯಾಗ ಸೀಡಿ ಕೊಳ್ಳಾವ್ರು ದಡ್ಡರು! ನಮಗ ಬೇಕಾದ ಹಾಡು ಖಾಲಿ ಸೀಡಿಗೆ ಇಳಿಸಿ ನಮ್ಮ ಮನ್ಯಾಗ ನಾವ ಸುಡೂಣು!"

"ನೀವು ಸುಡತೀನಂದ್ರ ನನಗ ಎದಿ ಝಲ್ ಅಂತೈತ್ರಿ," ಅಂದಳು ಹೆಂಡತಿ ಶಿವಲೀಲಾ. "ಮೊನ್ನಿ ಹಾಲು ಕಾಸತೀನಂತ ಹೇಳಿ ಪಾತೇಲಿ ಸುಟ್ಟೀರಿ."

ಅಷ್ಟರಲ್ಲಿ ಶಿವಲೀಲಾಳ ತವರೂರು ನವಲಿಯಲ್ಲಿ ಅವಳ ತಮ್ಮ ಸುಭಾಷ್, ಆ ಸಲದ ಭತ್ತ ಛಲೋ ಬಂತೆಂದು ಕಾರು ತಂದ. ಹಳೇ ಕಾರೇ, ಆದರೆ ಅದರೊಳಗಿನ ಸ್ಟೀರಿಯೊ ಸೀಡಿ ಹಾಡುತ್ತಿತ್ತು! ಹಬ್ಬಕ್ಕೆಂದು ನವಲಿಗೆ ಹೋಗಿದ್ದ ಅಕ್ಕ-ಭಾವನನ್ನು ಕೊಪ್ಪಳಕ್ಕೆ ಬಿಟ್ಟು ಬರುವುದೇ ಅದರ ಮೊದಲ ಸವಾರಿ ಎಂದಾಯಿತು. ಶಿವಲೀಲಾಳ ಅಜ್ಜಿ ಹಂಪವ್ವಳೂ ಹೊರಟು ನಿಂತಳು. ಬಿಕ್ಕಟ್ಟು ಶುರುವಾದದ್ದು ಅಲ್ಲೇ.

"ನನಗ ಹಿಂದ ಕುಂತ್ರ ವಾಂತಿ ಬರತೈತಿ. ನಾ ಮುಂದ ಕುಂದರತೀನಿ."

ಮುಂದಿನ ಸೀಟು! ಅಳಿಯನಾದವನಿಗೆ ಮಾವನ ಮನೆಯಲ್ಲಿ ಗಾದಿ, ಕಾರಿನಲ್ಲಿ ಮುಂದಿನ ಸೀಟು. ಅದನ್ನು ಬಿಟ್ಟರೆ ಗವಿಸಿದ್ದೇಶನ ಮರ್ಯಾದೆಯಲ್ಲಿ ಉಳಿಯುವುದೇನು?

"ಆಯಿ, ಸೀಡಿ ಹಾಕಾಕ ನಾನು ಮುಂದ ಇರಬೇಕು," ಎಂದು ಎದೆ ಉಬ್ಬಿಸಿದ. "ನನ್ನ ಕೈಯಾರೆ ಸುಟ್ಟ ಸೀಡಿ! ಅದು ಹಾಡಲಿಲ್ಲಂದ್ರ ಸೀಟು ನಿನಗ ಬಿಟ್ಟು, ಹಿಂದ ಕುಂತು ಕೊಪ್ಪಳದ ತನಕ ನಾನ ಹಾಡತೀನಿ!"

"ಯಪ್ಪಾ ದೇವ್ರ, ಸೀಡಿ ಹಾಡಲಿ," ಎಂದು ಶಿವಲೀಲಾ ಕೈಮುಗಿದಳು.

ಕಾರಿಗೆ ಪೂಜೆ ನಡೆಯಿತು. ಹಂಪವ್ವ ಕುಂಕುಮ ನೀರಲ್ಲಿ ಕಲಸಿ ಗಾಲಿಗೆ ಹಚ್ಚಿದಳು, ಸ್ಟೇರಿಂಗಿಗೆ ಹಚ್ಚಿದಳು. ಆಮೇಲೆ ಅಳಿಯನ ಕೈಯಲ್ಲಿದ್ದ ಸೀಡಿಯತ್ತ ನೋಡಿದಳು.

"ಆ ತಾಟಿಗೂ ಹಚ್ಚಲೇನು?"

"ಹಚ್ಚು ಆಯಿ, ಛಲೋ ಆಗಲಿ! ಆದ್ರ ಈ ಮಗ್ಗಲಿಗೆ ಬ್ಯಾಡ, ಹಾಡು ಇರೂದು ಇಲ್ಲೇ. ಹಿಂದ ಹಚ್ಚು, ಅದು ಬರೇ ಕನ್ನಡಿ!"

ಹಂಪವ್ವ ಕೈ ಹಿಡಿತ ಮಾಡಲಿಲ್ಲ. ಕನ್ನಡಿಗೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಧಾರಾಳ ಕುಂಕುಮ ಮೆತ್ತಿದಳು.

ಊರು ದಾಟಿದ್ದೇ ತಡ, ಗವಿಸಿದ್ದೇಶ ಪಟ್ಟಾಭಿಷೇಕ ಮಾಡುವ ಗತ್ತಿನಲ್ಲಿ ಸೀಡಿ ತುರುಕಿದ. ಸ್ಟೀರಿಯೊ ನುಂಗಿತು. "ಗರ್ರ್... ಗರ್ರ್..." ಅಂತು. ಮೂಗಿಗೆ ನಶ್ಯ ಏರಿದವರಂತೆ ಒಮ್ಮೆ ಸೀನಿ, ಸೀಡಿಯನ್ನು ಹೊರಗೆ ಉಗುಳಿತು!

"ಮಾಮಾ, ಹಾಡು?" ಅಂದ ಸುಭಾಷ್.

"ರಸ್ತಿ ತಗ್ಗು-ದಿನ್ನಿ ಐತಲ್ಲೋ. ಗಾಡಿ ನಿಲ್ಲಿಸು."

ನಿಲ್ಲಿಸಿದರೂ ಹಾಡಲಿಲ್ಲ.

"ಬಿಸಿಲಿಗೆ ಸೀಡಿ ಕಾದೈತಿ. ಗಾಡಿ ನೆರಳಿಗೆ ಹಚ್ಚು."

ಬೇವಿನ ನೆರಳಿನಲ್ಲೂ ಹಾಡಲಿಲ್ಲ. ಗವಿಸಿದ್ದೇಶ ಅಂಗಿಯ ತುದಿಯಿಂದ ಹೆಸರಿನ ಮಗ್ಗುಲನ್ನು ಪ್ರೀತಿಯಿಂದ ಒರೆಸಿದ. ಮತ್ತೆ ತುರುಕಿದ. ಮತ್ತೆ ಉಗುಳಿತು. ರೇಗಿದ ಸುಭಾಷ್ ತಾನು ಅಂಗಡಿಯಲ್ಲಿ ಕೊಂಡಿದ್ದ ಸೀಡಿ ಹಾಕಿದ. ಮುಂಜಾನೆ ಗಂಟಲು ಬಿಚ್ಚಿ ಹಾಡಿದ್ದ ಅದೂ ಈಗ ಗಪ್‌ಚುಪ್!

"ನೋಡಿದಿ?" ಗವಿಸಿದ್ದೇಶ ಸೀಟಿನಲ್ಲೇ ಕುಣಿದ. "ನನ್ನ ಸೀಡಿ ಬರೋಬ್ಬರಿ ಐತಿ! ಕೆಟ್ಟದ್ದು ನಿನ್ನ ಮಷೀನು! ನಾ ಯಾಕ ಸೀಟು ಬಿಡ್ಲಿ?"

ಹಿಂದಿನಿಂದ ಶಿವಲೀಲಾ ಕೈಚಾಚಿ ಗಂಡನ ಸೀಡಿ ಇಸಿದುಕೊಂಡಳು. ತಿರುವಿದಳು. ಆಕೆಯ ಬೆರಳು ಕೆಂಪಾಯಿತು. ಬಗ್ಗಿ ನೋಡಿದರೆ ಸ್ಟೀರಿಯೊದ ಬಾಯಿಯೂ ಎಲಿ-ಅಡಿಕಿ ತಿಂದಂಗೆ ಕೆಂಪು!

"ರೀ, ಮನ್ಯಾಗ ಈ ಹೆಸರಿನ ಮ್ಯಾಲ ನಾ ದಿನಾ ಬಿಸಿ ಚಾದ ಕಪ್ ಇಡತಿದ್ದೆ. ಅವತ್ತೆಲ್ಲ ಹಾಡಿತ್ತು."

"ಚಾದ ಕಪ್ಪಾ? ನನ್ನ ಸೀಡಿ ಮ್ಯಾಲ?"

"ಇನ್ನೊಂದು ಸೀಡಿ ಹಿಂದ ಗೀರು ಬಿತ್ತಲ್ರಿ, ಅದು ಅವತ್ತಿಗೇ ಬಂದ್ ಆತು. ಹಾಡು ಇರೂದು ಯಾವ ಮಗ್ಗಲಿಗೆ, ಈಗ ನೀವ ಹೇಳ್ರಿ."

ಗವಿಸಿದ್ದೇಶ ಎರಡೂ ಕೈಯಿಂದ ಸೀಟನ್ನು ಹಿಡಿದುಕೊಂಡ. ಸುಭಾಷ್ ಸ್ಟೀರಿಯೊವನ್ನೂ ಭಾವನನ್ನೂ ಬದಲಿ ಬದಲಿ ನೋಡಿದ. ಆಮೇಲೆ ಇಳಿದು ಬಂದು, ಮುಂದಿನ ಬಾಗಿಲು ತೆಗೆದು ನಿಂತ.

ಹಂಪವ್ವ ಸೆರಗು ಹೊದ್ದು ಮುಂದಿನ ಸೀಟಿನಲ್ಲಿ ಮಹಾರಾಣಿಯಂತೆ ಕೂತಳು. ಹಿಂದಿನ ಸೀಟಿಗೆ ಬಂದ ಗವಿಸಿದ್ದೇಶ ಮಾತ್ರ ಸೋಲೊಪ್ಪುವ ಗಿರಾಕಿಯಲ್ಲ.

"ಹಾಡತೀನಂದಿದ್ದೆ. ಹಾಡತೀನಿ! ಮಾತಂದ್ರ ಮಾತು!"

"ಮಾತು ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ," ಅಂದಳು ಶಿವಲೀಲಾ.

ಹಾಡಿದ! ಅವನಿಗೆ ಹಾಡುಗಳೇನೋ ರಾಶಿ ರಾಶಿ ಬರುತ್ತಿದ್ದವು, ಆದರೆ ಪ್ರತಿಯೊಂದರದೂ ಮೊದಲ ಸಾಲು ಮಾತ್ರ. ಗೀರು ಬಿದ್ದ ಸೀಡಿಯಂತೆ ಅದೇ ಸಾಲಿಗೆ ತೊಡರಿ, ಅಲ್ಲೇ ಸುತ್ತಿ, ಶಿವಲೀಲಾ ಬೆನ್ನಿಗೆ ಗುದ್ದಿದಾಗಷ್ಟೇ ಮುಂದಿನ ಹಾಡಿಗೆ ಜಿಗಿಯುತ್ತಿದ್ದ. ಕನಕಗಿರಿ ಹೋಯಿತು. ಗಂಗಾವತಿಯಲ್ಲಿ ಪಕ್ಕದ ಬಸ್ಸಿನವರು ಕಿಟಕಿ ಮುಚ್ಚಿಕೊಂಡರು. ಹಂಪವ್ವ ಮಾತ್ರ ತಿರುಗಿಯೂ ನೋಡಲಿಲ್ಲ. ಮೆಚ್ಚುಗೆ ಇರಬೇಕೆಂದುಕೊಂಡ ಗವಿಸಿದ್ದೇಶ ಮುಂದಕ್ಕೆ ಬಗ್ಗಿ ಕೇಳಿಯೇಬಿಟ್ಟ:

"ಆಯಿ, ಖರೇ ಹೇಳು. ಸೀಡಿ ಹೋದ್ರ ಹೋತು, ನಾ ಹೆಂಗ ಹಾಡಿದೆ?"

ಹಂಪವ್ವ ಸೊಂಟದ ಚೀಲದಿಂದ ಕುಂಕುಮದ ಡಬ್ಬಿ ತೆಗೆದಳು.

"ಆ ತಾಟು ಛಲೋ ಇತ್ತಪಾ. ಇದನ್ನ ಹಚ್ಚಿದ ಕೂಡಲೇ ಬಾಯಿ ಮುಚ್ಚಿತು. ಹಣಿ ಇತ್ತಾಗ ತಾ, ನಿನಗೂ ಹಚ್ಚತೀನಿ!"