ಡ್ರಮ್ಮಣ್ಣನ ವರದಿಗೆ ಇಬ್ಬರು ವಿಮರ್ಶಕರು

ಎಲ್ಲಕ್ಕೂ ಕಾರಣ ಒಂದು ಕೆಂಪು ಕಾಲುಚೀಲ. ಜೋಡಿಯೂ ಅಲ್ಲ, ಒಂಟಿ. ಆಸ್ಪತ್ರೆಯ ಬಟ್ಟೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಹೋದ ವಾರ ಅದು ಹೇಗೋ ಡಾಕ್ಟರುಗಳ ಬಿಳಿ ಕೋಟುಗಳ ರಾಶಿಯೊಳಗೆ ನುಸುಳಿ ಯಂತ್ರಕ್ಕೆ ಹೋಯಿತು. ಕೋಟುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಮತ್ತೆ ಒಗೆದು, ಬ್ಲೀಚಿಂಗ್ ಪುಡಿ ಹಾಕಿ, ನೆನೆಸಿ, ಜಾಲಾಡಿ, ಸಂಜೆಯ ಹೊತ್ತಿಗೆ ಅವನ್ನು ಬೆಳ್ಳಗೆ ಮಾಡಿ ಕಳಿಸಿದ್ದೂ ಆಯಿತು. ಆಸ್ಪತ್ರೆಯಲ್ಲಿ ಒಬ್ಬರಿಗೂ ಸುಳಿವು ಹತ್ತಲಿಲ್ಲ. ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಡ್ರಮ್ಮಣ್ಣನಿಗೆ ವರದಿ ಬರೆಯಲು ಒಂದು ವಿಷಯ ಬೇಕಾಗಿತ್ತು.

ಡ್ರಮ್ಮಣ್ಣ ಅಂದರೆ ಒಗೆಯುವ ಯಂತ್ರದವನು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಯಂತ್ರದ ಡ್ರಮ್ಮಿನ ಮುಂದೆ ನಿಂತು ನಿಂತು ಅವನ ತಲೆಗೂದಲು ಹಣ್ಣಾಗಿತ್ತು, ಹೆಸರು ಹೋಗಿ ಡ್ರಮ್ಮು ಉಳಿದಿತ್ತು. ಈಚೆಗೆ ಮಂಡಿಗಳೂ ಹೋಗತೊಡಗಿದ್ದವು. ಮೆಟ್ಟಿಲು ಹತ್ತುವಾಗ ಅವು ಮಾಡುವ ಸದ್ದಿಗೆ ಮೇಲಿನ ಮನೆಯವರು ಬಾಗಿಲು ತೆಗೆದು ನೋಡುತ್ತಿದ್ದರು. ಹೀಗಿರುವಾಗ ಲಾಂಡ್ರಿಯ ಮೇಲ್ವಿಚಾರಕರು ನಿವೃತ್ತರಾದರು. ಅವರ ಗಾಜಿನ ಕೋಣೆ ಖಾಲಿಯಾಯಿತು, ಅದರೊಳಗಿನ ಮೆತ್ತನೆಯ ಕುರ್ಚಿಯೂ ಖಾಲಿಯಾಯಿತು. ಸೇವೆಯ ಹಿರಿತನದಲ್ಲಿ ಅದು ಡ್ರಮ್ಮಣ್ಣನಿಗೇ ಬರಬೇಕು. ಇನ್ನೊಬ್ಬ ಅಭ್ಯರ್ಥಿಯೂ ಇರಲಿಲ್ಲ. ಇದ್ದ ಅಡ್ಡಿ ಒಂದೇ: ಮೇಲ್ವಿಚಾರಕನಾಗುವವನು ಕಚೇರಿ ಬರವಣಿಗೆಯ ತರಬೇತಿಯಲ್ಲಿ ತೇರ್ಗಡೆಯಾಗಿರಬೇಕು ಎಂದು ಹೊಸ ಮ್ಯಾನೇಜರು ನಿಯಮ ಮಾಡಿದ್ದರು.

ತರಬೇತಿ ಕೊಡಲು ಬಂದಾಕೆ ಡ್ರಮ್ಮಣ್ಣನ ಮಗಳ ವಯಸ್ಸಿನವಳು. ಆದರೂ ಆಕೆ ಹಸಿರು ಪೆನ್ನು ತೆಗೆದರೆ ಸಾಕು, ಅವನು ಶಾಲೆಯ ಹುಡುಗನಂತೆ ಕೈಕಟ್ಟಿ ನಿಲ್ಲುತ್ತಿದ್ದ. ಕೆಲಸದ ಜಾಗದಲ್ಲಿ ನಿಜವಾಗಿ ನಡೆದ ಒಂದು ಘಟನೆಯ ಬಗ್ಗೆ ವರದಿ ಬರೆಯಬೇಕು, ಅದನ್ನು ಇಬ್ಬರು ಸಹೋದ್ಯೋಗಿಗಳು ಓದಿ ವಿಮರ್ಶೆ ಮಾಡಬೇಕು, ಅವರು ಹೇಳಿದ್ದನ್ನೆಲ್ಲ ತಿದ್ದಿ ಅವರ ಸಹಿ ಹಾಕಿಸಿ ಕೊಡಬೇಕು ಎಂಬುದು ಆಕೆಯ ಪಾಠ. ಕೊಡಬೇಕಾದ ಕೊನೆಯ ದಿನ ಇವತ್ತೇ, ಸಂಜೆ ಐದಕ್ಕೆ ಮ್ಯಾನೇಜರ ಮುಂದೆ.

ಬೆಳಿಗ್ಗೆ ಹೊರಡುವಾಗ ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡಿ, "ಸಂಜೆ ಬರೋವಾಗ ಮೇಲ್ವಿಚಾರಕರಾಗೇ ಬರ್ತೀರಿ ಬಿಡಿ. ನಾನು ಆಗಲೇ ಪಕ್ಕದ ಮನೆಯವರಿಗೂ ನಿಮ್ಮ ತಂಗಿಗೂ ಹೇಳಿಬಿಟ್ಟಿದ್ದೀನಿ," ಎಂದಳು.

"ಇನ್ನೂ ಆಗಿಲ್ವಲ್ಲೇ."

"ಆದ ಮೇಲೆ ಹೇಳೋಕೆ ನಾನೇ ಬೇಕಾ?"

ಡ್ರಮ್ಮಣ್ಣ ಲಾಂಡ್ರಿಗೆ ಕಾಲಿಟ್ಟಾಗ ತರಬೇತಿ ಮೇಡಂ ಅವನ ಮೊದಲ ಕರಡು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದಳು. "ಆ ದಿನ ಬೆಳಿಗ್ಗೆಯಿಂದಲೇ ನನ್ನ ಮನಸ್ಸಿಗೆ ಯಾಕೋ ಸಮಾಧಾನ ಇರಲಿಲ್ಲ" ಎಂದು ಅದು ಶುರುವಾಗಿತ್ತು. ಮುಂದೆ ಅವನ ಮಂಡಿ ನೋವು, ಬಸ್ಸು ತಪ್ಪಿದ್ದು, ಹೆಂಡತಿ ಡಬ್ಬಿಗೆ ಉಪ್ಪು ಮರೆತದ್ದು ಎಲ್ಲ ಬಂದು, ಮೂರನೆಯ ಪುಟದ ಕೊನೆಯಲ್ಲಿ ಕೋಟುಗಳು ಗುಲಾಬಿಯಾಗಿದ್ದವು.

"ಓದೋಕೆ ತುಂಬಾ ಚೆನ್ನಾಗಿದೆ ಸರ್," ಎಂದಳು ಮೇಡಂ. "ನಮ್ಮಮ್ಮನಿಗೂ ಓದಿ ಹೇಳ್ದೆ. ಆದ್ರೆ ವರದಿ ಹೀಗಿರಲ್ಲ. ಯಾರು ಏನು ಮಾಡಿದ್ರು, ಯಾಕಾಯ್ತು, ಮುಂದೇನು ಮಾಡ್ಬೇಕು ಅನ್ನೋ ಶಿಫಾರಸು. ಅಷ್ಟೇ, ಒಂದೇ ಪುಟ."

ಡ್ರಮ್ಮಣ್ಣ ಯಂತ್ರಕ್ಕೆ ಬಟ್ಟೆ ತುಂಬಿ, ಅದರ ನೆತ್ತಿಯ ಮೇಲೇ ಹಾಳೆ ಇಟ್ಟುಕೊಂಡು ಬರೆಯಲು ನಿಂತ. ಯಂತ್ರ ಗಡಗಡ ನಡುಗುತ್ತಿತ್ತು, ಅಕ್ಷರಗಳೂ ಚಳಿ ಹಿಡಿದವರಂತೆ ನಡುಗಿದವು. ಆದರೆ ವಿಷಯ ಖಡಕ್ಕಾಗಿ ಬಂತು. ಇಸ್ತ್ರಿ ವಿಭಾಗದವರು ತಮ್ಮ ಒದ್ದೆ ಕಾಲುಚೀಲವನ್ನು ಒಣಗಲೆಂದು ಬಟ್ಟೆ ಗಾಡಿಯ ಅಂಚಿಗೆ ಹಾಕಿದರು. ಅದು ಒಳಗೆ ಬಿದ್ದಿತು. ವಿಂಗಡಣೆ ವಿಭಾಗದವರು ಅದನ್ನು ಗಮನಿಸಲಿಲ್ಲ. ಒಗೆಯುವವರೂ ನೋಡದೆ ಯಂತ್ರಕ್ಕೆ ತುಂಬಿದರು. ತನ್ನ ತಪ್ಪನ್ನೂ ಸೇರಿಸಿ ಬರೆದದ್ದರಿಂದ ಡ್ರಮ್ಮಣ್ಣನಿಗೆ ತನ್ನ ಮೇಲೆ ತನಗೇ ಗೌರವ ಬಂತು.

ಮೊದಲ ವಿಮರ್ಶಕಿ ದೊಡ್ಡಕ್ಕ. ವಿಂಗಡಣೆಯ ಮೇಜು ಆಕೆಯದು. ವಯಸ್ಸಿನಲ್ಲಿ ಲಾಂಡ್ರಿಯ ಎಲ್ಲರಿಗಿಂತ ಹಿರಿಯಳು, ಮ್ಯಾನೇಜರನ್ನೂ "ಮಗಾ" ಎಂದು ಕರೆದು ಜೀರ್ಣಿಸಿಕೊಂಡವಳು. ಕನ್ನಡಕ ಏರಿಸಿ, ತುಟಿ ಅಲ್ಲಾಡಿಸುತ್ತ ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಮೊಣಕೈ ಊರಿದಳು.

"ಗಮನಿಸಲಿಲ್ಲ ಅಂತ ಬರ್ದಿದ್ದೀಯಲ್ಲ, ಯಾರು?"

"ನಿಮ್ಮ ಹೆಸರು ಎಲ್ಲೂ ಹಾಕಿಲ್ಲ ದೊಡ್ಡಕ್ಕ. ವಿಂಗಡಣೆ ವಿಭಾಗ ಅಂತ ಅಷ್ಟೇ."

"ವಿಂಗಡಣೆ ವಿಭಾಗದಲ್ಲಿ ನಾನಲ್ದೆ ಇನ್ಯಾರಿದ್ದಾರಪ್ಪ, ಈ ಮೇಜಾ? ನಿನ್ನ ಮಗಳ ಮದುವೇಲಿ ಬೆಳಗಿಂದ ರಾತ್ರಿವರೆಗೂ ಪಾತ್ರೆ ಎಣಿಸಿ ಕೊಟ್ಟೋಳು ನಾನು. ಒಂದು ಚಮಚ ಕಳೀಲಿಲ್ಲ. ಅಂಥ ನನಗೇ ಕಣ್ಣು ಕಾಣಲ್ಲ ಅಂತೀಯಾ?"

ಡ್ರಮ್ಮಣ್ಣ ಆ ಚಮಚಗಳನ್ನು ನೆನೆದು ಕರಗಿದ. ವಿಂಗಡಣೆ ವಿಭಾಗವನ್ನು ಹೊಡೆದುಹಾಕಿ, "ಸದರಿ ವಸ್ತುವು ಗಮನಕ್ಕೆ ಬಾರದೆ ಹೋಯಿತು" ಎಂದು ಬರೆದ. ದೊಡ್ಡಕ್ಕ ಮತ್ತೊಮ್ಮೆ ಓದಿ, "ಈಗ ನೋಡು, ಎಷ್ಟು ಗಂಭೀರವಾಗಿದೆ," ಎಂದು ಮೆಚ್ಚಿಕೊಂಡಳು.

ಎರಡನೆಯ ವಿಮರ್ಶಕ ಇಸ್ತ್ರಿ ಯಂತ್ರದ ಹುಡುಗ. ಹುಡುಗ ಅನ್ನುವುದು ಮಾತಿಗೆ, ಅವನಿಗೂ ಇಬ್ಬರು ಮಕ್ಕಳಿದ್ದರು. ಡ್ರಮ್ಮಣ್ಣನ ಹೆಂಡತಿಯ ತಮ್ಮ. ಅಂದರೆ ಭಾಮೈದ, ಅಂದರೆ ಕಾಲುಚೀಲದ ಮಾಲೀಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಮೊದಲ ಸಾಲು ಓದುತ್ತಲೇ ಬಗ್ಗಿ ತನ್ನ ಕಾಲು ನೋಡಿಕೊಂಡ.

"ಭಾವ, ಆ ಕಾಲುಚೀಲ ಹೆಣೆದುಕೊಟ್ಟಿದ್ದು ಯಾರು ಗೊತ್ತಲ್ಲ?"

"ನಿಮ್ಮಕ್ಕ."

"ಅಕ್ಕ ಕೈಯಾರೆ ಹೆಣೆದಿದ್ದು ಬಣ್ಣ ಬಿಡ್ತು ಅಂತ ಸರ್ಕಾರಿ ಭಾಷೇಲಿ ಬರೆದು, ಅದರ ಕೆಳಗೆ ನೀವೇ ಸಹಿ ಹಾಕಿದ್ದೀರಿ. ನನಗೇನು, ಪರವಾಗಿಲ್ಲ. ರಾತ್ರಿ ಊಟಕ್ಕೆ ಎಲ್ಲಿಗೆ ಹೋಗ್ತೀರಿ ಅಂತ ಯೋಚ್ನೆ."

ಡ್ರಮ್ಮಣ್ಣ ಬೆವತ. ಬೆವತ ಕೈಯಿಂದ ಹಾಳೆ ಜಾರಿ ಕೆಳಗೆ ಹರಿಯುತ್ತಿದ್ದ ಸಾಬೂನಿನ ನೀರಿಗೆ ಬಿತ್ತು. ಇಬ್ಬರೂ ಒಟ್ಟಿಗೆ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ಭಾಮೈದ ಒಳ್ಳೆಯವನು, ಹಾಳೆಯನ್ನು ಎತ್ತಿ, ಎರಡು ಬಟ್ಟೆಗಳ ನಡುವೆ ಇಟ್ಟು, ಪ್ರೀತಿಯಿಂದ ಇಸ್ತ್ರಿ ಮಾಡಿಕೊಟ್ಟ. ಡಾಕ್ಟರ ಕೋಟಿಗೂ ಅಷ್ಟು ಗರಿ ಬಂದಿರಲಿಲ್ಲ. ಆ ಉಪಕಾರದ ಭಾರಕ್ಕೆ ಡ್ರಮ್ಮಣ್ಣ ಕಾಲುಚೀಲವನ್ನೂ ತೆಗೆದು "ಹೊರಗಿನ ವಸ್ತು" ಎಂದು ಮಾಡಿದ. ಇಬ್ಬರನ್ನೂ ಬಿಟ್ಟ ಮೇಲೆ ತಾನೊಬ್ಬನೇ ಯಾಕೆ ತಪ್ಪು ಹೊರಬೇಕೆಂದು ತನ್ನನ್ನೂ ಬಿಟ್ಟ.

ಮಧ್ಯಾಹ್ನ ಊಟದ ಹೊತ್ತಿಗೆ ಮೇಡಂ ಅದನ್ನು ಓದಿ, ಹಾಳೆ ತಿರುವಿ ಹಿಂಬದಿಯನ್ನೂ ನೋಡಿದಳು.

"ಸರ್, ಇದರಲ್ಲಿ ಮನುಷ್ಯರೇ ಇಲ್ಲ. ಕೋಟುಗಳು ತಾವೇ ಬಂದು, ತಾವೇ ಬಣ್ಣ ಹಚ್ಚಿಕೊಂಡು, ತಾವೇ ಬೆಳ್ಳಗಾಗಿ ಆಸ್ಪತ್ರೆಗೆ ನಡ್ಕೊಂಡು ಹೋದ ಹಾಗಿದೆ. ತಪ್ಪು ಯಾರದ್ದು ಅನ್ನೋದು ಬೇಡ ಅಂದ್ರೆ ಬೇಡ. ಸರಿ ಮಾಡಿದ್ದು ಯಾರು ಅಂತಾದ್ರೂ ಬರೀರಿ. ಶಿಫಾರಸೂ ಇಲ್ಲ ನೋಡಿ."

ಸರಿ ಮಾಡಿದ್ದು ಯಾರು ಎಂಬ ಪ್ರಶ್ನೆ ಲಾಂಡ್ರಿಯಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. ಬೆಳಿಗ್ಗೆ ವರದಿಯಿಂದ ಹೊರಗೆ ಹೋಗಲು ಹಟ ಹಿಡಿದಿದ್ದವರು ಈಗ ಒಳಗೆ ಬರಲು ಸಾಲು ನಿಂತರು. ಬಟ್ಟೆ ರಾಶಿಯಲ್ಲಿ ಕೈ ಹಾಕಿ ಕಾಲುಚೀಲ ಹುಡುಕಿ ತೆಗೆದವಳು ದೊಡ್ಡಕ್ಕ. ಬಿಸಿ ತಗುಲಿದರೆ ಬಣ್ಣ ಕಚ್ಚಿಕೊಳ್ಳುತ್ತದೆಂದು ಕೋಟುಗಳಿಗೆ ಇಸ್ತ್ರಿ ಮಾಡದೆ ತಡೆದವನು ಭಾಮೈದ. ಎರಡೂ ನಿಜವೇ. ಡ್ರಮ್ಮಣ್ಣ ಹಾಗೆಯೇ ಬರೆದ.

"ಇಷ್ಟೇನಾ?" ಎಂದಳು ದೊಡ್ಡಕ್ಕ. "ಯಾರಾದ್ರೂ ಹೇಳಿ ಮಾಡಿಸಿದ ಹಾಗಿದೆ. ಯಾರೂ ಹೇಳ್ದೆ, ನಾವೇ ತಿಳ್ಕೊಂಡು ಮಾಡಿದ್ದು ಅಂತ ಸೇರಿಸು."

ಸೇರಿತು.

"ನನ್ನದಕ್ಕೆ, ಮೇಲಿನವರ ಅಪ್ಪಣೆಗೆ ಒಂದು ಕ್ಷಣವೂ ಕಾಯದೆ ಅಂತ ಹಾಕಿ ಭಾವ. ತೂಕ ಬರುತ್ತೆ," ಎಂದ ಭಾಮೈದ.

ಹಾಕಿದ.

ಓದಿ ನೋಡಿದರೆ ವರದಿಯಲ್ಲಿ ಅವರಿಬ್ಬರೂ ಮಿಂಚುತ್ತಿದ್ದರು, ತಾನೆಲ್ಲೂ ಇರಲಿಲ್ಲ. ಡ್ರಮ್ಮಣ್ಣನಿಗೆ ಬೇಜಾರಾಯಿತು. ಎಷ್ಟಾದರೂ ಯಂತ್ರದ ಗಾಜಿನ ಬಾಗಿಲಿನೊಳಗೆ ನೀರು ಕೆಂಪಾಗಿದ್ದನ್ನು ಕಂಡು ಅದನ್ನು ನಿಲ್ಲಿಸಿದವನು ಅವನೇ. ಅವನು ಆಚೆ ಈಚೆ ನೋಡಿ, ನಾಚಿಕೊಂಡೇ, ತನಗಾಗಿ ಒಂದು ಸಾಲು ಬರೆದುಕೊಂಡ: "ಒಗೆಯುವವರು ಸದಾ ಯಂತ್ರದ ಮುಂದೆ ಎವೆಯಿಕ್ಕದೆ ನಿಂತೇ ಇರುವುದರಿಂದ ಮಾತ್ರ ಅನಾಹುತ ತಪ್ಪಿತು."

ಉಳಿದದ್ದು ಶಿಫಾರಸು. ಅದನ್ನಂತೂ ಡ್ರಮ್ಮಣ್ಣ ಹೋದ ವಾರದಿಂದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. "ಖಾಲಿ ಇರುವ ಮೇಲ್ವಿಚಾರಕರ ಹುದ್ದೆಯನ್ನು ಕೂಡಲೇ ತುಂಬಬೇಕು" ಎಂದು ಬರೆದು ಕೆಳಗೆ ಗೆರೆ ಎಳೆದ. ದೊಡ್ಡಕ್ಕ ನಾಲಿಗೆ ಕಚ್ಚಿಕೊಂಡಳು.

"ಥೂ, ಇದು ಬೇಡಪ್ಪ. ಬಡಿಸೋರ ಮುಂದೆ ತಟ್ಟೆ ಬಡಿದ ಹಾಗಾಗುತ್ತೆ. ಕೊಡೋರಿಗೆ ಕೊಡೋ ಮನಸ್ಸಿದ್ರೂ ಹೋಗುತ್ತೆ."

"ಹೌದು ಭಾವ, ನಿಮಗೇ ಬರೋ ಕುರ್ಚಿ. ನೀವೇ ಕೇಳಿದ್ರೆ ಮರ್ಯಾದೆ ಅಲ್ಲ. ಇಷ್ಟೊಳ್ಳೆ ವರದಿ ಓದಿದ ಮೇಲೆ ಅವರಿಗೇ ಹೊಳೆಯುತ್ತೆ."

ಡ್ರಮ್ಮಣ್ಣನಿಗೂ ಅದು ಹಿತವಾಗಿ ಕೇಳಿಸಿತು. ಅವನು ಹುಟ್ಟಿದಾಗಿನಿಂದ ಯಾರನ್ನೂ ಏನನ್ನೂ ಬಾಯಿಬಿಟ್ಟು ಕೇಳಿದವನಲ್ಲ. ಹೆಂಡತಿಯನ್ನು ಕೂಡ ಅವನ ಪರವಾಗಿ ಅವನ ಸೋದರಮಾವ ಕೇಳಿದ್ದು. ಗೆರೆ ಎಳೆದ ಸಾಲನ್ನು ಹೊಡೆದುಹಾಕಿ, ಮೂವರೂ ತಲೆ ಸೇರಿಸಿ ಯಾರಿಗೂ ನೋವಾಗದ ಒಂದು ಮಾತು ಹುಡುಕಿದರು: "ಈಗಿರುವ ಉತ್ತಮ ವ್ಯವಸ್ಥೆಯನ್ನೇ ಹೀಗೆಯೇ ಮುಂದುವರಿಸಬೇಕೆಂದು ಶಿಫಾರಸು ಮಾಡಲಾಗಿದೆ." ಇಬ್ಬರು ವಿಮರ್ಶಕರೂ ಸಹಿ ಹಾಕಿದರು. ದೊಡ್ಡಕ್ಕನ ಸಹಿ ಡ್ರಮ್ಮಣ್ಣನ ಸಹಿಯ ಮೇಲೂ ಸ್ವಲ್ಪ ಹತ್ತಿತ್ತು.

ಸಂಜೆ ಐದಕ್ಕೆ ಎಲ್ಲರೂ ಊಟದ ಕೋಣೆಯಲ್ಲಿ ಸೇರಿದರು. ಮ್ಯಾನೇಜರು ನಿಂತು ವರದಿಯನ್ನು ಗಟ್ಟಿಯಾಗಿ ಓದಿದರು. ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಅಷ್ಟು ಚೆನ್ನಾಗಿ ಕೇಳುತ್ತದೆಂದು ಡ್ರಮ್ಮಣ್ಣನಿಗೆ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು. ಮೇಡಂ ದೂರದಿಂದ ಹಸಿರು ಪೆನ್ನು ಎತ್ತಿ ತೋರಿಸಿ ನಕ್ಕಳು.

"ಅದ್ಭುತವಾದ ವರದಿ," ಎಂದರು ಮ್ಯಾನೇಜರು. "ತರಬೇತಿಯಲ್ಲಿ ಇವರು ಮೊದಲನೇ ದರ್ಜೆ. ನಿಜ ಹೇಳ್ಬೇಕು ಅಂದ್ರೆ, ಇದು ನನ್ನ ಕಣ್ಣು ತೆರೆಸ್ತು. ಮೇಲ್ವಿಚಾರಕರಿಲ್ಲದ ಈ ಎರಡು ತಿಂಗಳು ಲಾಂಡ್ರಿ ಹೇಗೆ ನಡೀತಿದೆಯೋ ಅಂತ ನನಗೆ ನಿದ್ದೆ ಬರ್ತಿರ್ಲಿಲ್ಲ. ಆದ್ರೆ ಇಲ್ಲಿ ನೋಡಿ. ಯಾರೂ ಹೇಳ್ದೆ, ಅಪ್ಪಣೆಗೆ ಒಂದು ಕ್ಷಣವೂ ಕಾಯದೆ, ಎಲ್ಲ ತಾವಾಗೇ ಮಾಡಿದ್ದಾರೆ. ಹೀಗೇ ಮುಂದುವರಿಸಿ ಅಂತ, ಆ ಹುದ್ದೆಗೆ ಬರಬೇಕಾದವರೇ ಶಿಫಾರಸು ಮಾಡಿದ್ದಾರೆ. ಇಂಥ ನಿಸ್ವಾರ್ಥ ನಾನು ಎಲ್ಲೂ ಕಂಡಿಲ್ಲ. ಅವರ ಮಾತಿಗೆ ಬೆಲೆ ಕೊಟ್ಟು, ಮೇಲ್ವಿಚಾರಕರ ಹುದ್ದೆಯನ್ನ ಇವತ್ತಿಂದಲೇ ತೆಗೆದುಹಾಕಿದ್ದೀನಿ. ಆ ಗಾಜಿನ ಕೋಣೇಲಿ ಸಾಬೂನು ಪುಡಿ ಮೂಟೆ ಇಡೋಣ."

ಡ್ರಮ್ಮಣ್ಣ ಎದ್ದು ಏನೋ ಹೇಳಲು ಬಾಯಿ ತೆರೆದ. ಮ್ಯಾನೇಜರು ಅದನ್ನು ಧನ್ಯವಾದವೆಂದು ತಿಳಿದು ಕೈಯೆತ್ತಿ ತಡೆದರು.

"ಇರಿ, ಇನ್ನೊಂದಿದೆ. ಇವರು ಯಂತ್ರದ ಮುಂದೆ ಸದಾ ನಿಂತೇ ಇರೋದ್ರಿಂದ ಮಾತ್ರ ಅನಾಹುತ ತಪ್ಪಿದ್ದು ಅಂತ ವರದಿಯೇ ಹೇಳುತ್ತೆ, ಇಬ್ಬರು ಸಹಿ ಹಾಕಿ ದೃಢಪಡಿಸಿದ್ದಾರೆ. ಇವರಿಗೆ ಮಂಡಿ ನೋವು, ಕೂತು ಮಾಡೋ ಕೆಲಸ ಏನಾದ್ರೂ ಕೊಡಿ ಅಂತ ಕಂಪನಿ ಡಾಕ್ಟರು ಒಂದು ಚೀಟಿ ಕಳಿಸಿದ್ರು. ಇನ್ನು ಅದರ ಪ್ರಶ್ನೆಯೇ ಇಲ್ಲ. ಇಂಥವರನ್ನ ಅಲ್ಲಿಂದ ಕದಲಿಸೋದುಂಟಾ?"

ಚಪ್ಪಾಳೆ ಬಿತ್ತು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡವನಿಗೆ ಇಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಆ ಲಾಂಡ್ರಿಯಲ್ಲಿ ಅದೇ ಮೊದಲು. ಭಾಮೈದ ಅಭ್ಯಾಸಬಲದಿಂದ ತಟ್ಟಲು ಶುರುಮಾಡಿ, ನಡುವೆ ಅರ್ಥವಾಗಿ, ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಹೊರಗೆ ಬಂದು ಡ್ರಮ್ಮಣ್ಣ ಹೆಂಡತಿಗೆ ಫೋನು ಮಾಡಿ ಎಲ್ಲ ಹೇಳಿದ.

"ಮೊದಲನೇ ದರ್ಜೆ ಬಂತು ಅಂದ್ರಲ್ಲ, ಅದು ನಿಜ ತಾನೇ?"

"ನಿಜ."

"ಹಾಗಾದ್ರೆ ಪಕ್ಕದ ಮನೆಯವರಿಗೆ ಅದನ್ನೇ ಹೇಳ್ತೀನಿ ಬಿಡಿ. ನೀವು ಹೊತ್ತು ಮಾಡ್ಬೇಡಿ, ಬೇಗ ಬನ್ನಿ. ಮಂಡಿಗೆ ಎಣ್ಣೆ ಬಿಸಿ ಮಾಡಿಡ್ತೀನಿ."

ಬಸ್ಸು ಕಿಕ್ಕಿರಿದಿತ್ತು. ಡ್ರಮ್ಮಣ್ಣ ಕಂಬ ಹಿಡಿದು ನಿಂತ. ಅವನ ಮುಖ ನೋಡಿದ ಯಾರೋ ಕಾಲೇಜು ಹುಡುಗಿ ಅಯ್ಯೋ ಅನ್ನಿಸಿ ಎದ್ದು, "ಅಂಕಲ್, ಕೂತ್ಕೊಳ್ಳಿ," ಎಂದಳು. ಅವನು ಮಂಡಿ ಮಡಿಸುವಷ್ಟರಲ್ಲಿ ಹಿಂದಿನಿಂದ ದೊಡ್ಡಕ್ಕ ಜನರನ್ನು ಸರಿಸಿಕೊಂಡು ಬಂದು ಸೀಟಿನಲ್ಲಿ ಕೂತಾಗಿತ್ತು.

"ಅವನಿಗೆ ನಿಂತೇ ಅಭ್ಯಾಸ ಕಣಮ್ಮ," ಎಂದು ಆ ಹುಡುಗಿಗೆ ವಿವರಿಸಿದಳು. "ಅದನ್ನ ನಾನೇ ಓದಿ ಸಹಿ ಹಾಕಿದ್ದೀನಿ." ಆಮೇಲೆ ಡ್ರಮ್ಮಣ್ಣನ ಕಡೆ ತಿರುಗಿ, ಕೈಚಾಚಿ, ಅಕ್ಕರೆಯಿಂದ ಹೇಳಿದಳು: "ಆ ಊಟದ ಚೀಲ ಇಲ್ಲಿ ಕೊಡಪ್ಪ, ತೊಡೆ ಮೇಲೆ ಇಟ್ಕೋತೀನಿ. ಪಾಪ, ಎಷ್ಟು ಹೊತ್ತು ಅಂತ ಹಿಡ್ಕೊಂಡು ನಿಂತಿರ್ತೀಯ."